ಲೈಕಿಗಿಷ್ಟು ಕಾಸು

ಸದಸ್ಯರಿಗೆ ದುಡ್ಡು ಕೊಡುವ ಸೋಷಿಯಲ್ ನೆಟ್‌ವರ್ಕಿಗೆ ಸೇರಲು ಹೊರಟವರು ಮೊದಲು ಕೇಳುವುದು ‘ಎಷ್ಟು ಕೊಡ್ತಾರೆ?’ ಅಂತ. ಅರಸೀಕೆರೆ ಕಡೆಯ ನಮ್ಮ ಸೋದರಮಾವ ಕೇಳಿದ್ದು ‘ಯಾರು ಕೊಡ್ತಾರೆ?’ ಅಂತ. ಅಷ್ಟಕ್ಕೇ ಇವರು ಈ ಕೆಲಸಕ್ಕೆ ನಾಲಾಯಕ್ಕು ಎಂದು ಗೊತ್ತಾಗಬೇಕಿತ್ತು. ಆದರೆ ಅವರನ್ನು ಸೇರಿಸಲು ಬಂದ ಹುಡುಗ ಸುಲಭಕ್ಕೆ ಸೋಲುವವನಲ್ಲ. ಹಿಂದೊಮ್ಮೆ ಇದೇ ಜಗಲಿಯಲ್ಲಿ ಕೂತು, ಬೆನ್ನುನೋವು, ಮಂಡಿನೋವು, ಸಕ್ಕರೆ ಕಾಯಿಲೆ ಮೂರಕ್ಕೂ ರಾಮಬಾಣವಾದ ಅಯಸ್ಕಾಂತದ ಹಾಸಿಗೆಯನ್ನು ನಮ್ಮ ಅತ್ತೆಗೆ ಮಾರಿ ಹೋದವನು. ಹಾಸಿಗೆ ಈಗ ಅಟ್ಟದ ಮೇಲಿದೆ, ಬೆನ್ನುನೋವು ಕೆಳಗೇ ಇದೆ.

ಮಾವ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಜಮಾ ಎಲ್ಲಿಂದ ಬಂತೆಂದು ತಿಳಿಯದೆ ಖರ್ಚಿನ ಕಡೆ ಕಣ್ಣೆತ್ತಿಯೂ ನೋಡದ ಜಾತಿ. ಹುಡುಗ ಅತ್ತ ಹೋಗುತ್ತಲೇ ನನಗೆ ಫೋನು.

‘ಲೋ, ನೀನು ಪೇಪರ್‌ಗೆ ಬರೆಯೋನಲ್ವಾ, ಇದೇನು ಹೇಳು. ಫೋಟೋ ಹಾಕಿದ್ರೆ ದುಡ್ಡಂತೆ, ಲೈಕು ಒತ್ತಿದ್ರೆ ದುಡ್ಡಂತೆ, ಇನ್ನೊಬ್ಬರನ್ನ ಸೇರಿಸಿದ್ರೆ ಇನ್ನೂ ಜಾಸ್ತಿ ದುಡ್ಡಂತೆ. ನೀನು ಇಷ್ಟು ವರ್ಷ ಬರೆದು ಏನು ಸಂಪಾದಿಸಿದೆ?’

ಕೊನೆಯದೊಂದು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಕೊಡುತ್ತೇನೆ ಅಂದೆ.

‘ದುಡ್ಡು ಮೂರು ಕಡೆಯಿಂದ ಬರಬಹುದು ಮಾವ. ಜಾಹೀರಾತಿನವರು ಕೊಡಬೇಕು. ಇಲ್ಲ, ಹೊಸದಾಗಿ ಸೇರುವವರು ಕೊಡಬೇಕು. ಅದೂ ಇಲ್ಲ ಅಂದ್ರೆ ಕಂಪನಿಯವರೇ ಕಂಪ್ಯೂಟರಿನಲ್ಲಿ ಒಂದು ನಾಣ್ಯ ಹುಟ್ಟಿಸಿ, ಇದಕ್ಕೆ ಬೆಲೆಯಿದೆ ಅಂತ ಎಲ್ಲರನ್ನೂ ನಂಬಿಸಬೇಕು.’

‘ಮೂರನೇದು ನಾವು ಮಾಡಿದ್ದಿದ್ರೆ ಜೈಲಿಗೆ ಹಾಕೋರು’ ಅಂದರು ಮಾವ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸದಸ್ಯರಿಗೆ ದುಡ್ಡು ಸಿಗಬೇಕು ಅನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಮನೆ ಮದುವೆಯ ಫೋಟೋ, ನಮ್ಮ ಅಜ್ಜಿಯ ತಿಥಿ, ನಮ್ಮ ಜಗಳ, ಇವೆಲ್ಲದರ ಪಕ್ಕದಲ್ಲಿ ಸೀರೆ, ಸೋಪು, ಸೈಟಿನ ಜಾಹೀರಾತು ಹಾಕಿ ಯಾರೋ ಕೋಟ್ಯಧಿಪತಿಗಳಾದರು. ಫೇಸ್‌ಬುಕ್ಕಿನ ಅಂಗಡಿಯಲ್ಲಿ ಸರಕೂ ನಾವೇ, ಸರಕು ಹೊತ್ತು ತಂದ ಹಮಾಲರೂ ನಾವೇ, ಕೂಲಿ ಮಾತ್ರ ಇಲ್ಲ. ಹೀಗಿರುವಾಗ ‘ಕೂಲಿ ನಾನು ಕೊಡ್ತೀನಿ ಬನ್ನಿ’ ಅಂತ ಒಬ್ಬ ಕರೆದರೆ ಹೋಗುವುದು ನ್ಯಾಯವೇ. ಹೋದವರ ಕಥೆ ಏನಾಯಿತು ಅನ್ನುವುದಷ್ಟೇ ತಮಾಷೆ.

2014ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ‘ಸೂ’ ಅಂತ ಒಂದು ಶುರುವಾಯಿತು. ಸೆಬಾಸ್ಟಿಯನ್ ಸೊಬ್ಜಾಕ್ ಎಂಬುವರು ಅದರ ಕರ್ತೃ. ಜಾಹೀರಾತಿನಿಂದ ಬಂದ ದುಡ್ಡಿನಲ್ಲಿ ನಮಗೆ ಬರೀ ಹತ್ತು ಪಾಲು, ಮಿಕ್ಕ ತೊಂಬತ್ತೂ ನಿಮ್ಮದೇ ಅಂದರು. ಇದುವರೆಗೆ ಯಾವ ಧರ್ಮಾತ್ಮನೂ ಹೇಳದ ಮಾತು. ಆದರೆ ಯಾರಾದರೂ ಕರೆದರೆ ಮಾತ್ರ ಒಳಗೆ ಹೋಗಬಹುದು, ತಾನಾಗಿ ಹೋಗುವಂತಿಲ್ಲ. ಮಾವನಿಗೆ ಆ ತೊಂಬತ್ತರ ಹಂಚಿಕೆ ಹೇಳಿದೆ. ನೂರು ಡಾಲರ್ ಬಂತು ಅಂತಿಟ್ಟುಕೊಳ್ಳಿ. ಕಂಪನಿಗೆ 10. ಬರೆದವನಿಗೆ 45. ಅವನನ್ನು ಕರೆದುಕೊಂಡು ಬಂದವನಿಗೆ 30. ಆ ಕರೆದವನನ್ನು ಕರೆದವನಿಗೆ 10. ಅವನ ಮೇಲಿನವನಿಗೆ 3 ಡಾಲರ್ ಚಿಲ್ಲರೆ. ಹೀಗೇ ಮೂರರಲ್ಲೊಂದು ಪಾಲಾಗುತ್ತಾ ವಂಶವೃಕ್ಷ ಹತ್ತಿಕೊಂಡು ಹೋಗುತ್ತದೆ.

ಫೋನಿನ ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ‘ಬರೆದೋನಿಗೆ ನಲವತ್ತೈದು, ಸುಮ್ನೆ ಕರ್ಕೊಂಡು ಬಂದೋನಿಗೆ ಮೂವತ್ತಾ? ಹಂಗಾದ್ರೆ ಬರೆಯೋ ಗೋಳು ಯಾಕಯ್ಯಾ ಬೇಕು? ಕರ್ಕೊಂಡು ಬರೋದನ್ನೇ ಕಸುಬು ಮಾಡ್ಕೊಂಡ್ರಾಯ್ತು.’

ಇದು ಹೊಳೆಯಲು ಮಾವನಿಗೆ ಅರ್ಧ ಲೋಟ ಕಾಫಿ ಸಾಕಾಯಿತು. ‘ಸೂ’ ಸದಸ್ಯರಿಗೂ ಅಷ್ಟೇ ಬೇಗ ಹೊಳೆದಿತ್ತು. ಕಂಡ ಕಂಡ ಕಡೆ, ಮುಖ್ಯವಾಗಿ ಫೇಸ್‌ಬುಕ್ಕಿನಲ್ಲಿ, ‘ನನ್ನ ಲಿಂಕಿನಿಂದಲೇ ಸೇರಿ’ ಅಂತ ಅಂಟಿಸಿದ್ದೇ ಅಂಟಿಸಿದ್ದು. 2015ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಅದನ್ನು ಕಸ ಅಂತ ಕರೆದು ‘ಸೂ’ ಹೆಸರಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಪೋಸ್ಟುಗಳನ್ನು ಗುಡಿಸಿ ಹಾಕಿತು. ಪೈಸೆ ಕೊಡದವನು ಪೈಸೆ ಕೊಡುವವನನ್ನು ಗಲೀಜು ಅಂದ ಆ ದೃಶ್ಯ ನನಗೆ ಬಹಳ ಇಷ್ಟ. ಡಿಸೆಂಬರಿನಲ್ಲಿ ಫೇಸ್‌ಬುಕ್ ಮನಸ್ಸು ಬದಲಾಯಿಸಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. 2016ರ ಆಗಸ್ಟಿನಲ್ಲಿ ‘ಸೂ’ ಬಾಗಿಲು ಹಾಕಿತು. ಅಂದ ಹಾಗೆ, ಖಾತೆಯಲ್ಲಿ ನೂರು ಡಾಲರ್ ತುಂಬಿದರೆ ಮಾತ್ರ ಚೆಕ್ಕು ಬರುತ್ತಿತ್ತು. ದಿನಕ್ಕೆ ಕೆಲವು ಸೆಂಟುಗಳಂತೆ ನೂರು ಡಾಲರ್ ತುಂಬಲು ಎಷ್ಟು ಕಾಲ ಬೇಕು ಅಂತ ಮಾವ ಲೆಕ್ಕ ಹಾಕಿ, ‘ಮೊಮ್ಮಗನ್ನ ನಾಮಿನಿ ಮಾಡಬೇಕು’ ಅಂದರು.

ಎರಡನೇ ಪ್ರಶ್ನೆ ಓಟಿನದು. ಹುಡುಗ ಹೇಳಿದ ನೆಟ್‌ವರ್ಕಿನಲ್ಲಿ ಯಾರ ಬರಹಕ್ಕೆ ಎಷ್ಟು ಕಾಸು ಅನ್ನುವುದನ್ನು ಸದಸ್ಯರೇ ಓಟು ಹಾಕಿ ತೀರ್ಮಾನಿಸುತ್ತಾರಂತೆ. ಇದು ಮಾವನಿಗೆ ಹಿಡಿಸಿತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘದಿಂದ ಹಿಡಿದು ತಮ್ಮ ಊರಿನ ಸಂಘದವರೆಗೆ ಸಹಕಾರದ ಚರಿತ್ರೆಯನ್ನೆಲ್ಲ ತಮ್ಮ ಮನೆತನದ ಚರಿತ್ರೆಯಂತೆ ಹೇಳುವವರು ಅವರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಅವರಿಗೆ ಬಾಯಿಪಾಠ. ನೂರು ಷೇರು ಇರುವ ಸಾಹುಕಾರನಿಗೂ ಒಂದೇ ಓಟು, ಒಂದು ಷೇರಿನ ಕೂಲಿಯವನಿಗೂ ಒಂದೇ ಓಟು.

‘ಅಲ್ಲಿ ಹಾಗಿಲ್ಲ ಮಾವ’ ಅಂದೆ.

ಈ ಓಟಿನ ವಿದ್ಯೆಯ ಮೂಲಪುರುಷ ಸ್ಟೀಮಿಟ್. ನೆಡ್ ಸ್ಕಾಟ್, ಡ್ಯಾನ್ ಲ್ಯಾರಿಮರ್ ಎಂಬಿಬ್ಬರು 2016ರಲ್ಲಿ ಕಟ್ಟಿದ್ದು. ಜಾಹೀರಾತಿನ ಹಂಗೇ ಬೇಡವೆಂದು ‘ಸ್ಟೀಮ್’ ಅನ್ನುವ ಕ್ರಿಪ್ಟೋ ನಾಣ್ಯವನ್ನು ತಾವೇ ಹುಟ್ಟಿಸಿದರು. ಬರೆದವರಿಗೂ ಓಟು ಹಾಕಿದವರಿಗೂ ಆ ನಾಣ್ಯದಲ್ಲೇ ಸಂಬಳ. ಮೊದಲ ಬಟವಾಡೆ ಆದದ್ದು ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ. ಯಾರ ಹತ್ತಿರ ಎಷ್ಟು ನಾಣ್ಯ ಗಂಟು ಕಟ್ಟಿ ಇಟ್ಟಿದೆಯೋ ಅವರ ಓಟಿಗೆ ಅಷ್ಟು ತೂಕ. ಹೆಚ್ಚಿದ್ದವರಿಗೆ ತಿಮಿಂಗಿಲ ಅಂತ ಹೆಸರು, ಅದರ ಕೆಳಗಿನವರು ಡಾಲ್ಫಿನ್, ಹೊಸಬರು ಕಿರುಮೀನು. ಹೆಸರು ಇಟ್ಟವರು ನಿಜಕ್ಕೂ ಪ್ರಾಮಾಣಿಕರು. ಕಿರುಮೀನಿಗೂ ತಿಮಿಂಗಿಲಕ್ಕೂ ಸಮುದ್ರದಲ್ಲಿ ಏನು ಸಂಬಂಧವೋ ಅದೇ ಇಲ್ಲಿಯೂ ಅಂತ ಬಾಗಿಲಲ್ಲೇ ಬರೆದಿಟ್ಟರು. ಆದರೂ ಜನ ನುಗ್ಗಿದರು.

ಮೊದಲ ಒಂದು ವರ್ಷವಂತೂ ನಿಯಮ ಇನ್ನೂ ರುಚಿಯಾಗಿತ್ತು. ಓಟಿನ ಬಲಕ್ಕೆ ವರ್ಗದ ಲೆಕ್ಕ. ಹತ್ತು ಪಟ್ಟು ನಾಣ್ಯ ಇದ್ದವನು ಒಂಟಿಯಾಗಿ ಒತ್ತಿದರೆ ನೂರು ಪಟ್ಟು ಫಲ. 2017ರ ಜೂನ್‌ನಲ್ಲಿ ಅದನ್ನು ಸರಿಪಡಿಸಿ ಹತ್ತಕ್ಕೆ ಹತ್ತು ಮಾಡಿದರು. ದಿನಕ್ಕೆ ಪೂರ್ತಿ ತೂಕದ ಹತ್ತು ಓಟು ಒತ್ತುವಷ್ಟು ಕಸುವು ಎಲ್ಲರಿಗೂ ತುಂಬಿಕೊಳ್ಳುತ್ತಿತ್ತು. ತನ್ನ ಬರಹಕ್ಕೆ ತಾನೇ ಓಟು ಹಾಕಿಕೊಳ್ಳಲು ಅಡ್ಡಿಯಿಲ್ಲ. ಹಾಗಾದರೆ ತಿಮಿಂಗಿಲ ಆ ಹತ್ತು ಓಟನ್ನು ಯಾರಿಗೆ ಹಾಕಬೇಕು? ‘ಶುಭೋದಯ’ ಅಂತ ಬರೆದು ತನಗೆ ತಾನೇ ಹಾಕಿಕೊಂಡರೆ ಅದೂ ಒಂದು ಸಾಹಿತ್ಯ ಸೇವೆಯೇ. ಕಿರುಮೀನು ಒಂದು ವಾರ ನಿದ್ದೆಗೆಟ್ಟು ಬರೆದ ಪ್ರವಾಸ ಕಥನಕ್ಕೆ ಇನ್ನೂರು ಕಿರುಮೀನುಗಳು ಓಟು ಹಾಕಿದರೂ ಒಂದು ಲೋಟ ಟೀಗೆ ಸಾಲದು. ತಿಮಿಂಗಿಲಕ್ಕೆ ಸಿಟ್ಟು ಬಂದರೆ ಇನ್ನೊಂದು ಗುಂಡಿಯಿತ್ತು. ಒತ್ತಿದರೆ ಕಿರುಮೀನಿನ ಖಾತೆಗೆ ಬರಬೇಕಾದ್ದೂ ಸೊನ್ನೆ. ಅದು ವಿಮರ್ಶೆ.

‘ಇದಕ್ಕೆ ಸಹಾಯಕ ನಿಬಂಧಕರು ಒಪ್ಪಿದ್ರಾ?’ ಅಂತ ಮಾವ ಕೇಳಿದರು. ಅಲ್ಲಿ ನಿಬಂಧಕರು ಇಲ್ಲ ಅನ್ನುವುದೇ ಅದರ ಹೆಚ್ಚುಗಾರಿಕೆ ಅಂತ ವಿವರಿಸಿದೆ.

ಮೂರನೆಯದು ನಿಜವಾಗಿಯೂ ಹೊಸಬನ ಪ್ರಶ್ನೆ. ‘ಸರಿ, ನಾನು ಏನು ಬರೀಲಿ?’

ಮಾವನಿಗೆ ತೆಂಗಿನ ನುಸಿಪೀಡೆಯ ಬಗ್ಗೆ ಗೊತ್ತಿರುವಷ್ಟು ಹಾಸನ ಜಿಲ್ಲೆಯಲ್ಲಿ ಕಡಿಮೆ ಜನಕ್ಕೆ ಗೊತ್ತು. ಕೊಬ್ಬರಿ ಬೆಲೆ ಯಾಕೆ ಏರುತ್ತದೆ, ಏರಿದಾಗ ರೈತನ ಅಟ್ಟದಲ್ಲಿ ಯಾಕೆ ಕೊಬ್ಬರಿ ಇರುವುದಿಲ್ಲ ಅನ್ನುವುದರ ಮೇಲೆ ಒಂದು ಪುಸ್ತಕವನ್ನೇ ಬರೆಯಬಲ್ಲರು. ಅದನ್ನೆಲ್ಲ ಅಲ್ಲಿ ಯಾರು ಓದುತ್ತಾರೆ? ದುಡ್ಡು ಕೊಡುವ ನೆಟ್‌ವರ್ಕಿನಲ್ಲಿ ಅತಿ ಹೆಚ್ಚು ಓಟು ಬೀಳುವ ವಿಷಯ ಒಂದೇ, ದುಡ್ಡು ಕೊಡುವ ನೆಟ್‌ವರ್ಕು. ‘ಮೊದಲ ವಾರದಲ್ಲೇ ನಾನು ಗಳಿಸಿದ್ದು ಹೇಗೆ’, ‘ಹೊಸಬರು ಮಾಡುವ ಐದು ತಪ್ಪುಗಳು’, ‘ಈ ನಾಣ್ಯ ಮುಂದಿನ ವರ್ಷ ಎಲ್ಲಿಗೆ ಮುಟ್ಟುತ್ತದೆ’. ಸ್ಟೀಮಿಟ್ಟಿನ ಮೊದಲ ಪುಟದಲ್ಲಿ ಸ್ಟೀಮಿಟ್ಟಿನ ಮಹಿಮೆ ಹಾಡುವ ಬರಹಗಳಿಗೆ ಎಂದೂ ಬರವಿರಲಿಲ್ಲ. ಎಲ್ಲರೂ ಬರೆಯುವುದರಿಂದ ಹಣ ಬರುವ ಬಗೆ ಕುರಿತು ಬರೆದು ಹಣ ಪಡೆಯುತ್ತಿದ್ದರು. ಹೊಸಬ ಬಂದು ‘ಅಣ್ಣಾ, ಇಲ್ಲಿ ಹೇಗೆ ಗಳಿಸೋದು?’ ಅಂತ ಕೇಳಿದರೆ ಆ ಪ್ರಶ್ನೆಯೇ ಕೇಳಿಸಿಕೊಂಡವನ ನಾಳಿನ ಪೋಸ್ಟು. ಉತ್ತರ ಹೇಳಿದವನಿಗೆ ಕಾಸು ಬಂತು, ಕೇಳಿದವನಿಗೆ ಅನುಭವ ಬಂತು.

ಇನ್ನು ಕಾಮೆಂಟುಗಳು. ಮಾವನಿಗೆ ಹುಡುಗ ತನ್ನ ಫೋನಿನಲ್ಲಿ ತೋರಿಸಿದ್ದನಂತೆ. ಒಬ್ಬರು ತಮ್ಮ ತಂದೆ ತೀರಿಕೊಂಡ ಸುದ್ದಿ ಹಾಕಿದ್ದಾರೆ. ಕೆಳಗೆ ಮೊದಲ ಕಾಮೆಂಟು: ‘ಸೂಪರ್ ಪೋಸ್ಟ್ ಸರ್, ನಿಮ್ಮನ್ನು ಫಾಲೋ ಮಾಡಿದ್ದೇನೆ, ನನ್ನನ್ನೂ ಮಾಡಿ.’ ಎರಡನೆಯದು: ‘ಒಳ್ಳೆಯ ಮಾಹಿತಿ. ಲೈಕ್ ಒತ್ತಿದ್ದೇನೆ, ತಿರುಗಿ ಒತ್ತಿ.’ ಮಾವ ಇದನ್ನು ಓದಿ ಗಾಬರಿಯಾಗಲಿಲ್ಲ. ಅವರಿಗೆ ಇದು ಪರಿಚಿತ ವ್ಯವಹಾರ, ಮದುವೆಮನೆಯ ಮುಯ್ಯಿ. ಬಾಗಿಲ ಬಳಿ ನೋಟ್‌ಬುಕ್ ಹಿಡಿದು ಕೂತವನು ‘ಅರಸೀಕೆರೆ ಸೊಸೈಟಿ ಸೆಕ್ರೆಟರಿ, 501’ ಅಂತ ಬರೆದುಕೊಳ್ಳುತ್ತಾನೆ. ನಾಳೆ ಇವರ ಮನೆ ಮದುವೆಗೆ ಅವರು ಅದೇ ಪುಟ ತಿರುಗಿಸಿ ನೋಡಿ 501 ತರುತ್ತಾರೆ. ವ್ಯತ್ಯಾಸ ಇಷ್ಟೇ, ಮುಯ್ಯಿ ಹಾಕಿದವನು ಊಟವನ್ನಾದರೂ ಮಾಡಿ ಹೋಗುತ್ತಾನೆ. ಇಲ್ಲಿ ಬಂದವರೆಲ್ಲ ಬಾಗಿಲಲ್ಲೇ ಮುಯ್ಯಿ ಬರೆಸಿ ಮುಂದಿನ ಛತ್ರಕ್ಕೆ ಓಡುವವರು. ಮದುಮಗ ಯಾರು ಅಂತ ನೋಡಿದವರಿಲ್ಲ.

ಓಡಲೂ ಸೋಮಾರಿಗಳಾದವರಿಗೆ ಬಾಟ್‌ಗಳು ಬಂದವು. ಇಷ್ಟು ನಾಣ್ಯ ಕಟ್ಟಿದರೆ ಇಷ್ಟು ತೂಕದ ಓಟು ಬೀಳುತ್ತದೆ ಅಂತ ಬಹಿರಂಗ ಹರಾಜು. ಬರೆಯುವುದಕ್ಕೊಂದು ಯಂತ್ರ, ಮೆಚ್ಚುವುದಕ್ಕೊಂದು ಯಂತ್ರ, ‘ತುಂಬಾ ಮನಮುಟ್ಟುವಂತಿದೆ’ ಅನ್ನುವುದಕ್ಕೆ ಇನ್ನೊಂದು. ಓದುವ ಯಂತ್ರವನ್ನು ಮಾತ್ರ ಯಾರೂ ಮಾಡಲಿಲ್ಲ, ಅದಕ್ಕೆ ಕಾಸು ಹುಟ್ಟುತ್ತಿರಲಿಲ್ಲ.

‘ಹೋಗ್ಲಿ, ಬಂದ ದುಡ್ಡು ತೆಗೆಯೋದು ಹೇಗೆ?’

ಇಲ್ಲಿ ನಾನು ಗಂಟಲು ಸರಿಮಾಡಿಕೊಂಡೆ. ಓಟಿಗೆ ತೂಕ ಬರಬೇಕಾದರೆ ಸ್ಟೀಮ್ ನಾಣ್ಯವನ್ನು ಒಳಗೆ ಬೀಗ ಹಾಕಿಡಬೇಕು. ಬೀಗ ಹಾಕಿದ್ದು ವಾಪಸ್ ಬೇಕೆಂದರೆ ವಾರಕ್ಕೊಂದು ಕಂತಿನಂತೆ, ಶುರುವಿನಲ್ಲಿ 104 ಕಂತು, ಅಂದರೆ ಎರಡು ವರ್ಷ. ಜನ ಗೋಳಾಡಿದ ಮೇಲೆ 2016ರ ಕೊನೆಗೆ ಅದನ್ನು 13 ವಾರಕ್ಕೆ ಇಳಿಸಿದರು. ‘ಎಫ್‌ಡಿ ಮುರಿಯೋಕೆ ಬಂದೋರನ್ನ ನಾವು ಮಧ್ಯಾಹ್ನದವರೆಗೆ ಕಾಯಿಸಿದ್ರೆ ಕಲೆಕ್ಟರ್‌ಗೆ ಅರ್ಜಿ ಹೋಗೋದು’ ಅಂತ ಮಾವ ನಿಟ್ಟುಸಿರು ಬಿಟ್ಟರು. ಅದರಲ್ಲಿ ಸ್ವಲ್ಪ ಅಸೂಯೆಯೂ ಇತ್ತು ಅಂತ ನನ್ನ ಗುಮಾನಿ.

ಪಾಸ್‌ವರ್ಡ್ ಮರೆತರೆ? ಮರೆತರೆ ಮುಗಿಯಿತು. ಕಂಪನಿಗೂ ಗೊತ್ತಿಲ್ಲ, ಪೊಲೀಸರಿಗೂ ಗೊತ್ತಾಗುವುದಿಲ್ಲ, ನಾಣ್ಯ ಯಾವ ಕಾಲಕ್ಕೂ ಅಲ್ಲೇ. ಮಾವನ ಎಟಿಎಂ ಪಿನ್ನು, ಗ್ಯಾಸ್ ಬುಕಿಂಗ್ ನಂಬರು, ಅತ್ತೆಯ ಆಧಾರ್ ಎಲ್ಲವೂ ಒಂಟಿಕೊಪ್ಪಲ್ ಪಂಚಾಂಗದ ಕೊನೆಯ ಪುಟದಲ್ಲಿವೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಕೂತು ಎಲ್ಲವನ್ನೂ ನಕಲು ಮಾಡುವುದು ಅವರ ವರ್ಷಾರಂಭದ ವ್ರತ. ಐವತ್ತು ಅಕ್ಷರ ಉದ್ದದ, ದೊಡ್ಡಕ್ಷರ ಚಿಕ್ಕಕ್ಷರ ಅಂಕೆ ಕಲಸಿದ ಪಾಸ್‌ವರ್ಡನ್ನು ನಕಲು ಮಾಡುವಾಗ ಸೊನ್ನೆಗೂ ‘ಓ’ಗೂ ಅದಲುಬದಲಾದರೆ ಆ ವರ್ಷದ ಆಯವ್ಯಯ ಫಲ ಅಲ್ಲಿಗೇ ಪೂರೈಸಿತು.

ನಾಣ್ಯದ ಬೆಲೆಯನ್ನೂ ಕೇಳಿದರು. 2018ರ ಜನವರಿ ಮೊದಲ ವಾರದಲ್ಲಿ ಒಂದು ಸ್ಟೀಮ್ 8 ಡಾಲರ್ ದಾಟಿತ್ತು. ಆ ವರ್ಷ ಮುಗಿಯುವ ಹೊತ್ತಿಗೆ ಅರ್ಧ ಡಾಲರಿಗೂ ಕೆಳಗೆ. ನವೆಂಬರಿನಲ್ಲಿ ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ ಎಪ್ಪತ್ತು ಜನರನ್ನು ಮನೆಗೆ ಕಳಿಸಿತು. ಸದಸ್ಯರಿಗೆ ಸಂಬಳ ಕೊಡುವ ಕಂಪನಿಗೆ ತನ್ನ ಸಿಬ್ಬಂದಿಗೆ ಕೊಡಲು ಸಂಬಳ ಇರಲಿಲ್ಲ.

ಮುಂದಿನ ಅಧ್ಯಾಯವನ್ನು ಮಾವ ಎರಡು ಸಲ ಹೇಳಿಸಿಕೊಂಡರು, ಅಷ್ಟು ಖುಷಿ. 2020ರ ಫೆಬ್ರುವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಕ್ರಿಪ್ಟೋ ನಾಣ್ಯದ ಮಾಲೀಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು, ಅದು ಮೊದಲ ದಿನಗಳಲ್ಲೇ ತನಗೆಂದು ಎತ್ತಿಟ್ಟುಕೊಂಡಿದ್ದ ದೊಡ್ಡ ನಾಣ್ಯದ ಗಂಟಿನ ಸಮೇತ ಕೊಂಡ. ಜಾಲವನ್ನು ನಡೆಸುವವರು ಸದಸ್ಯರ ಓಟಿನಿಂದ ಆರಿಸಿ ಬಂದ 20 ‘ಸಾಕ್ಷಿ’ಗಳು, ನಮ್ಮ ಆಡಳಿತ ಮಂಡಳಿ ಇದ್ದ ಹಾಗೆ. ಆ ಗಂಟಿನಿಂದ ಈತ ಓಟು ಹಾಕಿದರೆ ನಮ್ಮ ಕುರ್ಚಿ ಹೋಯಿತು ಅಂತ ಅವರು ಅದನ್ನು ಸ್ತಂಭನ ಮಾಡಿದರು. ಆಗ ಮಾರ್ಚ್ ಆರಂಭದಲ್ಲಿ ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳಲ್ಲಿ ಗಿರಾಕಿಗಳು ಠೇವಣಿ ಇಟ್ಟಿದ್ದ ಸ್ಟೀಮ್ ನಾಣ್ಯಗಳಿಂದಲೇ ಓಟು ಬಿತ್ತು. ಹಳೆಯ ಇಪ್ಪತ್ತೂ ಜನ ಹೊರಗೆ, ಹೊಸ ಇಪ್ಪತ್ತು ಒಳಗೆ.

‘ಠೇವಣಿದಾರರ ದುಡ್ಡಲ್ಲಿ, ಠೇವಣಿದಾರರಿಗೆ ಹೇಳದೆ, ಬ್ಯಾಂಕಿನೋರು ಓಟು ಹಾಕಿದ್ರಾ!’ ಮಾವನ ದನಿಯಲ್ಲಿ ಭಕ್ತಿಯಿತ್ತು. ‘ಎಷ್ಟು ಸೊಸೈಟಿ ಎಲೆಕ್ಷನ್ ನೋಡಿದೀನಿ. ಡೆಲಿಗೇಟುಗಳನ್ನ ಬಸ್ಸಲ್ಲಿ ತುಂಬ್ಕೊಂಡು ರೆಸಾರ್ಟಿಗೆ ಹೋದೋರನ್ನ ನೋಡಿದೀನಿ. ಸತ್ತೋರು ಬಂದು ರುಜು ಹಾಕಿದ್ದು ನೋಡಿದೀನಿ. ಈ ಐಡಿಯಾ ಮಾತ್ರ ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ ಕಣೋ.’

ಸೋತವರು ಮಾರ್ಚ್ 20ರಂದು ಲೆಕ್ಕದ ಪುಸ್ತಕ ಪೂರ್ತಿ ನಕಲು ಮಾಡಿಕೊಂಡು, ಕಂಪನಿಯ ಆ ಗಂಟನ್ನು ಬಿಟ್ಟು, ‘ಹೈವ್’ ಅಂತ ಬೇರೆ ಜಾಲ ತೆರೆದರು. ‘ಸಂಘ ಒಡೆದು ಇನ್ನೊಂದು ಸಂಘ ನೋಂದಣಿ ಮಾಡಿಸಿದ್ರು ಅನ್ನು. ಅದು ನಮ್ಮಲ್ಲೂ ಉಂಟು’ ಅಂತ ಮಾವ ಸಮಾಧಾನಪಟ್ಟರು.

ಇಷ್ಟೆಲ್ಲ ಆದ ಮೇಲೆ ಕಸುಬು ದೊಡ್ಡವರ ಕೈಗೆ ಬಂತು. ಯೂಟ್ಯೂಬ್ ಬಹಳ ಹಿಂದಿನಿಂದಲೂ ಜಾಹೀರಾತಿನಲ್ಲಿ ಪಾಲು ಕೊಡುತ್ತಿದೆ. ಸಾವಿರ ಚಂದಾದಾರರು, ವರ್ಷಕ್ಕೆ ನಾಲ್ಕು ಸಾವಿರ ಗಂಟೆ ವೀಕ್ಷಣೆ, ಬಂದದ್ದರಲ್ಲಿ ನೂರಕ್ಕೆ 55. ನಿಯಮ ಕಟ್ಟುನಿಟ್ಟು, ಆದರೆ ಯಾರು ಕೊಡ್ತಾರೆ ಅನ್ನುವ ಮಾವನ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ನನಗೆ ಹೆಚ್ಚು ರಸ ಕಾಣುವುದು ಎಕ್ಸ್‌ನಲ್ಲಿ. 2023ರ ಜುಲೈಯಿಂದ ಅವರೂ ಬರೆಯುವವರಿಗೆ ಕಾಸು ಹಂಚಲು ಹೊರಟರು. ಆ ವರ್ಷದ ಷರತ್ತುಗಳು: ತಿಂಗಳ ಚಂದಾ ಕಟ್ಟಿ ನೀಲಿ ಟಿಕ್ಕು ತೆಗೆದುಕೊಂಡಿರಬೇಕಿತ್ತು, 500 ಜನ ಹಿಂಬಾಲಕರಿರಬೇಕಿತ್ತು, ಮೂರು ತಿಂಗಳಲ್ಲಿ ಪೋಸ್ಟುಗಳು 50 ಲಕ್ಷ ಸಲ ಕಣ್ಣಿಗೆ ಬಿದ್ದಿರಬೇಕಿತ್ತು. ಶುರುವಿನಲ್ಲಿ ಈ ಲೆಕ್ಕ ಒಂದೂವರೆ ಕೋಟಿ ಇತ್ತು, ಕರುಣೆಯಿಂದ ಇಳಿಸಿದ್ದು. ಅರಸೀಕೆರೆ ಪಟ್ಟಣದ ಜನಸಂಖ್ಯೆ 2011ರ ಜನಗಣತಿಯಲ್ಲಿ ಐವತ್ತು ಸಾವಿರ ಚಿಲ್ಲರೆ. ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕರವರೆಗೆ ಪ್ರತಿಯೊಬ್ಬರೂ ದಿನಾ ತಪ್ಪದೆ ಮಾವನ ಪೋಸ್ಟು ನೋಡಿದರೂ ತೊಂಬತ್ತು ದಿನಕ್ಕೆ 50 ಲಕ್ಷ ತುಂಬುವುದಿಲ್ಲ. ‘ಬಾಣಾವರದೋರನ್ನೂ ಸೇರಿಸ್ಕೊಂಡ್ರೆ?’ ಅಂತ ಕೇಳಿದರು. ಆಗಬಹುದು ಅಂದೆ.

ಮೊದಲು ಪೋಸ್ಟಿನ ಕೆಳಗಿನ ಉತ್ತರಗಳ ನಡುವೆ ಬೀಳುವ ಜಾಹೀರಾತಿನ ಮೇಲೆ ಲೆಕ್ಕ, 2024ರ ಕೊನೆಯಿಂದ ಚಂದಾ ಕಟ್ಟಿದವರು ಪೋಸ್ಟಿನೊಂದಿಗೆ ಎಷ್ಟು ಒಡನಾಡಿದರು ಅನ್ನುವುದರ ಮೇಲೆ ಲೆಕ್ಕ. ಯಾವ ಲೆಕ್ಕವಾದರೂ ಸೂತ್ರ ಒಂದೇ. ಒಳ್ಳೆಯ ಮಾತಿಗೆ ಜನ ತಲೆಯಾಡಿಸಿ ಹೋಗುತ್ತಾರೆ, ಕೆಟ್ಟ ಮಾತಿಗೆ ನಿಂತು ಉತ್ತರಿಸುತ್ತಾರೆ. ಉತ್ತರಕ್ಕೆ ಕಾಸು. ಇದರ ಫಲವನ್ನು ನಾವು ಬೆಂಗಳೂರಿನಲ್ಲಿ ಕಣ್ಣಾರೆ ನೋಡುತ್ತಿದ್ದೇವೆ. ಯಾವನೋ ಒಬ್ಬ, ಅವನು ಕೋರಮಂಗಲದಲ್ಲಿದ್ದಾನೋ ಕಾನ್ಪುರದಲ್ಲಿದ್ದಾನೋ ಯಾರಿಗೆ ಗೊತ್ತು, ‘ನಾನ್ಯಾಕೆ ಕನ್ನಡ ಕಲಿಯಬೇಕು?’ ಅಂತ ಒಂದು ಸಾಲು ಬರೆದು, ಆಟೋ ಡ್ರೈವರ್ ಜೊತೆಗಿನ ಜಗಳದ ಹಳೆಯ ವಿಡಿಯೋ ಒಂದನ್ನು ಅಂಟಿಸಿ ಮಲಗುತ್ತಾನೆ. ಬೆಳಗಾಗುವುದರೊಳಗೆ ಕನ್ನಡಿಗರೆಲ್ಲ ಎದ್ದು, ರೊಚ್ಚಿಗೆದ್ದು, ಪಂಪನಿಂದ ಕುವೆಂಪುವರೆಗೆ ಎಲ್ಲರನ್ನೂ ಎಳೆತಂದು ಅವನಿಗೆ ಉತ್ತರ ಕೊಟ್ಟಿರುತ್ತಾರೆ. ಆ ಉತ್ತರಗಳನ್ನು ಬೈಯಲು ಆ ಕಡೆಯವರು ಬರುತ್ತಾರೆ. ಅವರನ್ನು ಬೈಯಲು ನಾವು ಮತ್ತೆ ಹೋಗುತ್ತೇವೆ. ಅವನು ಎದ್ದು ಹಲ್ಲುಜ್ಜುತ್ತಾ ಮೀಟರು ನೋಡುತ್ತಾನೆ. ಕನ್ನಡ ಉಳಿಸಲು ನಾವು ಒತ್ತಿದ ಒಂದೊಂದು ಅಕ್ಷರವೂ ಅವನ ಮನೆ ಬಾಡಿಗೆಗೆ ಜಮಾ. ಹೋದ ತಿಂಗಳು ‘ಕನ್ನಡಿಗರೇ ಶ್ರೇಷ್ಠರು, ಮಿಕ್ಕವರು ಗಂಟುಮೂಟೆ ಕಟ್ಟಿ’ ಅಂತ ಬರೆದವನೂ ಅವನೇ ಇರಬಹುದು, ಇನ್ನೊಂದು ಹೆಸರಿನಲ್ಲಿ. ವ್ಯಾಪಾರಿಗೆ ಭಾಷೆಯ ಮೇಲೆ ದ್ವೇಷವಿಲ್ಲ.

‘ಹಂಗಾದ್ರೆ ನಾನು ಬರೀ ಕಿತಾಪತಿ ಮಾಡಿದ್ರೆ ದುಡ್ಡು ಬರುತ್ತೆ ಅಂತಾಯ್ತು’ ಅಂದರು ಮಾವ. ‘ಅದಕ್ಕೆ ಚಂದಾ ಬೇರೆ ಕಟ್ಟಬೇಕಾ? ನಮ್ಮ ಹೋಟೆಲ್ ಕಟ್ಟೆ ಮೇಲೆ ಪುಗಸಟ್ಟೆ ಮಾಡ್ತೀನಲ್ಲೋ.’

ತೆರಿಗೆಯ ಮಾತು ಬೇಗ ಮುಗಿಯಿತು. ಕ್ರಿಪ್ಟೋ ನಾಣ್ಯದ ಲಾಭಕ್ಕೆ 2022ರ ಏಪ್ರಿಲ್‌ನಿಂದ ನೂರಕ್ಕೆ 30 ತೆರಿಗೆ, ಜುಲೈಯಿಂದ ಮಾರುವಾಗ 1 ಪಾಲು ಮೊದಲೇ ಕಡಿತ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದು ನಾಣ್ಯವೇ ಅಲ್ಲ ಅನ್ನುವ ಸರ್ಕಾರ ಅದರ ಮೂವತ್ತು ಪಾಲನ್ನು ಮಾತ್ರ ಅಸಲಿ ರೂಪಾಯಿಯಲ್ಲಿ ಕೇಳುತ್ತದೆ.

ಹುಡುಗನ ನೆಟ್‌ವರ್ಕು ಇವ್ಯಾವುದೂ ಅಲ್ಲ, ಇವೆಲ್ಲದರ ಮೊಮ್ಮಗ. ಸೇರಲು ಶುಲ್ಕವಿದೆ. ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ಮೆಟ್ಟಿಲುಗಳಿವೆ. ಡೈಮಂಡ್ ಆದವರು ದಿನಕ್ಕೆ ಇಂತಿಷ್ಟು ವಿಡಿಯೋ ನೋಡಿ ಲೈಕ್ ಒತ್ತಿದರೆ ಸಂಜೆಗೆ ಖಾತೆಗೆ ಅಂಕ ಬೀಳುತ್ತದೆ. ಅಂಕ ರೂಪಾಯಿಯಾಗುವುದು ಕೆಳಗೆ ಎಷ್ಟು ಜನರನ್ನು ಸೇರಿಸಿದ್ದೀರಿ ಅನ್ನುವುದರ ಮೇಲೆ. ಇಂಥದ್ದಕ್ಕೆ ನಮ್ಮ ದೇಶ ಹೊಸದಲ್ಲ. ಸ್ಪೀಕ್ ಏಷ್ಯಾ ಅಂತ ಒಂದಿತ್ತು, 11,000 ರೂಪಾಯಿ ಚಂದಾ ಕಟ್ಟಿದವರು ಕಂಪ್ಯೂಟರಿನಲ್ಲಿ ಸಮೀಕ್ಷೆ ತುಂಬಿದರೆ ದುಡ್ಡು. ಯಾವ ಸೋಪು ಬಳಸುತ್ತೀರಿ ಅಂತ ಕೇಳಲು ಅಷ್ಟು ದುಡ್ಡು ಕೊಡುವ ಸೋಪಿನ ಕಂಪನಿ ಯಾವುದು ಅಂತ ಯಾರೂ ಕೇಳಲಿಲ್ಲ. 2011ರಲ್ಲಿ ಅದು ಮಕಾಡೆ ಮಲಗಿತು. ದುಡ್ಡು ಕಟ್ಟಿದವರು ಸಂಘ ಕಟ್ಟಿಕೊಂಡರು. ಕಂಪನಿಯ ವಿರುದ್ಧ ಅಂತ ತಿಳಿದಿರಾ? ಕಂಪನಿಯ ಪರವಾಗಿ. 2024ರ ಜನವರಿಯಲ್ಲಿ ಕೊಯಮತ್ತೂರಿನಲ್ಲೂ ಇದೇ ಕಂಡಿತು. ಜಾಹೀರಾತು ನೋಡಿದರೆ ಕಾಸು ಅನ್ನುತ್ತಿದ್ದ ಕಂಪನಿಯೊಂದರ ಮೇಲೆ ಪೊಲೀಸರು ಕೇಸು ಹಾಕಿದಾಗ ಸಾವಿರಾರು ಸದಸ್ಯರು ಹೆದ್ದಾರಿಯ ಬಳಿ ಜಮಾಯಿಸಿ ಕಂಪನಿಗೆ ಜೈ ಅಂದರು. ಅವರನ್ನು ಮೂರ್ಖರು ಅನ್ನುವುದು ಸುಲಭ. ಆದರೆ ತನ್ನ ಭಾವಮೈದುನ ಸೇರಿ ಇನ್ನೂ ನಾಲ್ಕು ಜನರನ್ನು ಕೆಳಗೆ ಸೇರಿಸಿ ಅವರ ದುಡ್ಡು ಕಟ್ಟಿಸಿದವನು ಮತ್ತೇನು ಮಾಡಬೇಕು? ಕಂಪನಿ ಮೋಸ ಅಂತ ಒಪ್ಪಿದ ಗಳಿಗೆಯಲ್ಲಿ ಭಾವಮೈದುನನ ಕಣ್ಣಲ್ಲಿ ಅವನೇ ಮೋಸಗಾರ. 1978ರಿಂದಲೂ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿದೆ. ಕಾಯ್ದೆಗೆ ಭಾವಮೈದುನ ಅರ್ಥವಾಗುವುದಿಲ್ಲ.

ಹುಡುಗ ಮೊನ್ನೆ ಮತ್ತೆ ಬಂದ. ಮಾವ ಸೇರುವುದಿಲ್ಲ ಅನ್ನಲಿಲ್ಲ. ಬೀರುವಿನಿಂದ ಸಂಘದ ಹಳೆಯ ಸಾಲದ ಅರ್ಜಿ ನಮೂನೆಯೊಂದನ್ನು ತೆಗೆದು ಅವನ ಮುಂದಿಟ್ಟರು. ‘ನೋಡಪ್ಪಾ, ನಾನು ದುಡ್ಡು ಕೊಟ್ಟು ನೀವು ಆಮೇಲೆ ವಾಪಸ್ ಕೊಡ್ತೀವಿ ಅಂದ್ರೆ, ನಿಮ್ಮ ಕಂಪನಿ ನನ್ನ ಹತ್ರ ಸಾಲ ತಗೊಂಡ ಹಾಗೆ. ಇಬ್ಬರು ಜಾಮೀನುದಾರರ ರುಜು ಬೇಕು. ಇಬ್ಬರ ಹೆಸರಲ್ಲೂ ಪಹಣಿ ಇರಬೇಕು. ನೀನೇ ಹಾಕ್ತೀಯಾ?’

ಅವನು ಹಾಕಲಿಲ್ಲ. ನಮೂನೆಯ ಫೋಟೋ ಹೊಡೆದು ತನ್ನ ಮೇಲಿನವನಿಗೆ, ಹಾಸನಕ್ಕೆ ಕಳಿಸಿದ. ಹಾಸನದವನು ಬೆಂಗಳೂರಿನ ಡೈಮಂಡಿಗೆ ಕಳಿಸಿದ. ಬೆಂಗಳೂರಿನವನು ದುಬೈನಲ್ಲಿರುವ ಇನ್ನೂ ಮೇಲಿನವನಿಗೆ ತಲುಪಿಸಿದನಂತೆ. ದುಬೈಯಿಂದ ಜಾಮೀನಿನ ಬದಲು ಕನಸು ಕಾಣುವುದು ಹೇಗೆ ಅನ್ನುವ ಮುಕ್ಕಾಲು ಗಂಟೆಯ ವಿಡಿಯೋ ಬಂತು. ಬೆಂಗಳೂರು ಅದನ್ನು ಒಂದು ವಾಯ್ಸ್ ಮೆಸೇಜಿಗೆ ಇಳಿಸಿತು. ಹಾಸನ ಅದನ್ನು ಎರಡು ಸಾಲಿಗೆ. ಅರಸೀಕೆರೆಗೆ ಬರುವ ಹೊತ್ತಿಗೆ ಉಳಿದದ್ದು ಕೈಮುಗಿದ ಒಂದು ಎಮೋಜಿ.

ಮಾವ ಅದರ ಕೆಳಗೆ ದಿನಾಂಕ ಹಾಕಿ ಟೈಪ್ ಮಾಡಿದರು: ‘ಜಾಮೀನು ರುಜು ಇಲ್ಲ. ಅರ್ಜಿ ವಾಪಸ್.’